ಸರಪಳಿ ಸರಿಯಿದ್ದರೂ ಹ್ಯಾಂಡ್‌ಶೇಕ್ ಮುರಿಯುತ್ತಿದೆ: ಲ್ಯಾಬ್‌ಗೆ ಎಲಿಪ್ಟಿಕ್ ಕರ್ವ್ ಪ್ರಮಾಣಪತ್ರ ತಯಾರಿಸುವುದು ಹೇಗೆ?

ಪ್ರಶ್ನೆ: ಬೆಣ್ಣೆನಗರಿ ಲ್ಯಾಬ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆರನೇ ಸೆಮಿಸ್ಟರಿನ ನೆಟ್‌ವರ್ಕ್ ಭದ್ರತೆಯ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತೇನೆ. ಕಳೆದ ವರ್ಷದವರೆಗೆ ಟಿಎಲ್‌ಎಸ್ (ಎರಡು ಕಂಪ್ಯೂಟರ್‌ಗಳ ನಡುವಿನ ಸಂವಹನವನ್ನು ಗುಪ್ತವಾಗಿಡುವ ನಿಯಮಾವಳಿ) ಪ್ರಯೋಗಗಳಿಗೆ 2048 ಬಿಟ್‌ನ, ಆರ್‌ಎಸ್‌ಎ ಎಂಬ ಹಳೆಯ ಗೂಢಲಿಪಿ ವಿಧಾನದ ಪ್ರಮಾಣಪತ್ರಗಳನ್ನೇ (ಸರ್ವರ್‌ನ ಗುರುತನ್ನು ಖಚಿತಪಡಿಸುವ, ಸಹಿ ಹಾಕಿದ ಕಡತಗಳು) ಬಳಸುತ್ತಿದ್ದೆವು. ಈ ಬಾರಿ ಕೆಲವು ಮಕ್ಕಳು ಕೊಳವೆಬಾವಿಯ ಪಂಪನ್ನು ಮೊಬೈಲ್‌ನಿಂದ ನಡೆಸುವ ಇಎಸ್‌ಪಿ32 ಎಂಬ ಚಿಕ್ಕ ವೈಫೈ ನಿಯಂತ್ರಕ ಬೋರ್ಡ್‌ಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿರುವುದರಿಂದ ಎಲಿಪ್ಟಿಕ್ ಕರ್ವ್ ಪ್ರಮಾಣಪತ್ರಗಳಿಗೆ ಬದಲಾಯಿಸಿಕೊಂಡೆವು. 3072 ಬಿಟ್‌ನ ಆರ್‌ಎಸ್‌ಎ ಕೀಲಿಯ ಬಲವನ್ನು 256 ಬಿಟ್‌ನ ಎಲಿಪ್ಟಿಕ್ ಕರ್ವ್ ಕೀಲಿ ಕೊಡುತ್ತದೆ ಎಂಬುದನ್ನು ಪಾಠದಲ್ಲಿ ಕೇಳಿದ್ದ ಮಕ್ಕಳು ಅದನ್ನು ತಮ್ಮ ಕೈಯಿಂದಲೇ ಮಾಡಿ ನೋಡಲಿ ಎಂಬುದು ನನ್ನ ಆಸೆಯಾಗಿತ್ತು.

ನಾವು ಮಾಡಿದ್ದು ಇಷ್ಟು. ಕೀಲಿ, ಪ್ರಮಾಣಪತ್ರಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಇಸಿಪ್ಯಾರಮ್ ಆದೇಶಕ್ಕೆ ಲಿಸ್ಟ್‌ಕರ್ವ್ಸ್ ಆಯ್ಕೆಯನ್ನು ಕೊಟ್ಟು ಕರ್ವ್‌ಗಳ ಪಟ್ಟಿಯನ್ನು ತೆಗೆದೆವು. ಪಠ್ಯದಲ್ಲಿ ಸೆಕ್‌ಪಿ256ಆರ್1 ಎಂಬ ಹೆಸರಿತ್ತು. ಪಟ್ಟಿಯಲ್ಲಿ ಅದು ಕಾಣಿಸಲಿಲ್ಲ. ಅದರಂತೆಯೇ ಕಾಣುವ, ವಿವರಣೆಯಲ್ಲಿ 256 ಬಿಟ್ ಎಂದೇ ಬರೆದಿರುವ ಸೆಕ್‌ಪಿ256ಕೆ1 ಸಿಕ್ಕಿತು. ಅದನ್ನೇ ಆರಿಸಿ ಇತರ ಪ್ರಮಾಣಪತ್ರಗಳಿಗೆ ಸಹಿ ಮಾಡುವ ನಮ್ಮದೇ ಒಂದು ಮೂಲ ಪ್ರಾಧಿಕಾರವನ್ನೂ ಅದು ಸಹಿ ಮಾಡಿದ ಸರ್ವರ್ ಪ್ರಮಾಣಪತ್ರವನ್ನೂ ತಯಾರಿಸಿದೆವು. ವೆರಿಫೈ ಆದೇಶ ಕೊಟ್ಟರೆ ಸಹಿಗಳ ಸರಪಳಿ ಸರಿಯಾಗಿದೆ ಎಂದೇ ಉತ್ತರ ಬರುತ್ತದೆ. ಆದರೆ ಓಪನ್‌ಎಸ್‌ಎಸ್‌ಎಲ್‌ನದೇ ಪರೀಕ್ಷಾ ಸರ್ವರ್ ಆದ ಎಸ್‌ಸರ್ವರ್ ಏರಿಸಿ ಅದರ ಜೋಡಿ ಎಸ್‌ಕ್ಲೈಂಟ್‌ನಿಂದ ಸಂಪರ್ಕಿಸಿದ ಕೂಡಲೇ ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವು ಮಾಡಿಕೊಳ್ಳುವ ಒಪ್ಪಂದ) ಮುರಿದುಬೀಳುತ್ತದೆ. ಟಿಎಲ್‌ಎಸ್ 1.3ರಲ್ಲಿ ಸರ್ವರ್ ತನಗೆ ಹೊಂದುವ ಸಹಿ ಅಲ್ಗಾರಿದಮ್ ಇಲ್ಲವೆನ್ನುತ್ತದೆ, 1.2ಕ್ಕೆ ಇಳಿಸಿದರೆ ಇಬ್ಬರಿಗೂ ಸಾಮಾನ್ಯವಾದ ಸೈಫರ್ (ಗೂಢಲಿಪಿ ವಿಧಾನ) ಇಲ್ಲವೆನ್ನುತ್ತದೆ. ಸೈಫರ್ ಪಟ್ಟಿಯನ್ನು ಎಷ್ಟು ಬದಲಾಯಿಸಿದರೂ ಪ್ರಯೋಜನವಾಗಿಲ್ಲ. ಎರಡು ದಿನದ ಲ್ಯಾಬ್ ಅವಧಿ ಇದರಲ್ಲೇ ಕಳೆದುಹೋಯಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಹಳೆಯ ಆರ್‌ಎಸ್‌ಎ ಪ್ರಮಾಣಪತ್ರವನ್ನು ಹಾಕಿದಾಗ ಒಬ್ಬ ವಿದ್ಯಾರ್ಥಿಯು ತಪ್ಪಾದ ಮೂಲ ಪ್ರಮಾಣಪತ್ರದ ಕಡತವನ್ನು ಕೊಟ್ಟಿದ್ದರೂ ಎಸ್‌ಕ್ಲೈಂಟ್ ಸಂಪರ್ಕ ಸಾಧಿಸಿ, ಅವನು ಟೈಪ್ ಮಾಡಿದ ಸಾಲನ್ನು ಆಚೆಗೆ ಕಳುಹಿಸಿಯೂಬಿಟ್ಟಿತು. ಹಾಗಾದರೆ ಇಷ್ಟು ವರ್ಷ ನಾವು ಲ್ಯಾಬ್‌ನಲ್ಲಿ ಪರೀಕ್ಷಿಸುತ್ತಿದ್ದುದಾದರೂ ಏನನ್ನು ಎಂಬ ಪ್ರಶ್ನೆ ಎದ್ದಿದೆ. ಲ್ಯಾಬ್‌ನ ಅರ್ಧದಷ್ಟು ಕಂಪ್ಯೂಟರ್‌ಗಳಲ್ಲಿ ಉಬುಂಟು 20.04, ಉಳಿದವುಗಳಲ್ಲಿ 22.04 ಇದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಉತ್ತರವನ್ನು ಮಕ್ಕಳಿಗೆ ಓದಿಸುವ ಉದ್ದೇಶವಿದೆ.

ಉತ್ತರ 1: ಹರಿಹರ ದಂಡೆ

ಮೇಡಂ, ನಿಮ್ಮ ಸಮಸ್ಯೆಯ ಬೇರು ಒಂದೇ ಅಕ್ಷರದಲ್ಲಿದೆ. ಸೆಕ್‌ಪಿ256ಆರ್1 ಮತ್ತು ಸೆಕ್‌ಪಿ256ಕೆ1 ಬೇರೆಬೇರೆ ಕರ್ವ್‌ಗಳು. ಕೆ ಎಂದರೆ ಕೊಬ್ಲಿಟ್ಜ್ ಮಾದರಿಯ ಕರ್ವ್. ಎಲಿಪ್ಟಿಕ್ ಕರ್ವ್‌ಗಳನ್ನು ಗೂಢಲಿಪಿಗೆ ಬಳಸಬಹುದೆಂದು 1985ರಲ್ಲಿ ಪರಸ್ಪರ ಸಂಬಂಧವಿಲ್ಲದೆ ಸೂಚಿಸಿದ ಇಬ್ಬರಾದ ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಅವರಲ್ಲಿ ಮೊದಲನೆಯವರ ಹೆಸರು ಅದು. ಆರ್ ಎಂದರೆ ಯಾದೃಚ್ಛಿಕವಾಗಿ ಆಯ್ದ ಗುಣಾಂಕಗಳುಳ್ಳದ್ದು. ಕೆ1 ಕರ್ವ್‌ನ ಸಮೀಕರಣ ಬಹಳ ಸರಳ: ವೈ ವರ್ಗವು ಎಕ್ಸ್ ಘನಕ್ಕೆ 7 ಕೂಡಿಸಿದ್ದಕ್ಕೆ ಸಮ. ಬಿಟ್‌ಕಾಯಿನ್ ಬಳಸುವುದು ಇದನ್ನೇ, ಆದ್ದರಿಂದಲೇ ಅದರ ಹೆಸರು ಹೆಚ್ಚು ಜನರ ಕಿವಿಗೆ ಬಿದ್ದಿದೆ. ಗಣಿತದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ, ಆದ್ದರಿಂದ ವೆರಿಫೈ ಆದೇಶವು ಸಹಿಗಳನ್ನು ಲೆಕ್ಕಹಾಕಿ ಸರಿಯಿದೆ ಎಂದಿತು. ಆದರೆ ಆ ಆದೇಶ ಪರಿಶೀಲಿಸುವುದು ಸರಪಳಿಯನ್ನು ಮಾತ್ರ. ಎದುರಿನ ಕ್ಲೈಂಟ್ ಈ ಕರ್ವ್‌ನ ಸಹಿಯನ್ನು ಸ್ವೀಕರಿಸಲು ಸಿದ್ಧವಿದೆಯೇ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ.

2018ರ ಆಗಸ್ಟ್‌ನಲ್ಲಿ ಪ್ರಕಟವಾದ ಟಿಎಲ್‌ಎಸ್ 1.3 ಮಾನಕದಲ್ಲಿ ಇಸಿಡಿಎಸ್‌ಎ (ಎಲಿಪ್ಟಿಕ್ ಕರ್ವ್ ಕೀಲಿಯಿಂದ ಮಾಡುವ) ಸಹಿಯ ವಿಧಾನವನ್ನು ಹೆಸರಿಸುವಾಗಲೇ ಕರ್ವ್ ಮತ್ತು ಹ್ಯಾಶ್ (ಪಠ್ಯದ ಚಿಕ್ಕ ಬೆರಳಚ್ಚು ತೆಗೆಯುವ ಲೆಕ್ಕ) ಒಟ್ಟಿಗೆ ಬರುತ್ತವೆ. ಪಿ-256ಕ್ಕೆ (ಸೆಕ್‌ಪಿ256ಆರ್1ರ ಇನ್ನೊಂದು ಹೆಸರು) ಎಸ್‌ಎಚ್‌ಎ-256, ಪಿ-384ಕ್ಕೆ ಎಸ್‌ಎಚ್‌ಎ-384, ಪಿ-521ಕ್ಕೆ ಎಸ್‌ಎಚ್‌ಎ-512. ಆ ಮಾನಕದಲ್ಲಿ ಕೆ1ಕ್ಕೆ ಜಾಗವೇ ಇಲ್ಲದಿರುವುದರಿಂದ ಸರ್ವರ್ ತನ್ನ ಕೀಲಿಗೆ ಹೊಂದುವ ಸಹಿ ವಿಧಾನ ಸಿಗಲಿಲ್ಲವೆಂದು ನಿಮಗೆ ತಿಳಿಸಿದ್ದು ಪೂರ್ತಿ ನಿಜ. 1.2ರಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಕ್ಲೈಂಟ್ ಕಳುಹಿಸುವ ಕರ್ವ್‌ಗಳ ಪಟ್ಟಿಯು ಕೀಲಿ ವಿನಿಮಯಕ್ಕಷ್ಟೇ ಅಲ್ಲದೆ ಪ್ರಮಾಣಪತ್ರದ ಕರ್ವ್‌ಗೂ ಅನ್ವಯಿಸುತ್ತದೆ. ಓಪನ್‌ಎಸ್‌ಎಸ್‌ಎಲ್ ತಾನಾಗಿ ಕಳುಹಿಸುವ ಪಟ್ಟಿಯಲ್ಲಿ ಕೆ1 ಇರುವುದಿಲ್ಲ. ಪ್ರಮಾಣಪತ್ರ ಬಳಕೆಗೆ ಬಾರದೆಂದ ಮೇಲೆ ಅದನ್ನು ಅವಲಂಬಿಸಿದ ಸೈಫರ್‌ಗಳೆಲ್ಲವೂ ಕೈಬಿಟ್ಟುಹೋಗುತ್ತವೆ, ಕೊನೆಗೆ ಉಳಿಯುವುದು ಸಾಮಾನ್ಯ ಸೈಫರ್ ಇಲ್ಲವೆಂಬ ದೂರು. ದೋಷ ಕೀಲಿಯಲ್ಲಿದ್ದರೂ ಸಂದೇಶ ಸೈಫರ್ ಕಡೆಗೆ ಬೆರಳು ತೋರಿಸುತ್ತದೆ. ನಿಮ್ಮ ಎರಡು ದಿನ ಕಳೆದುಹೋದದ್ದು ಇದರಿಂದಲೇ.

ಸೆಕ್‌ಪಿ256ಆರ್1 ಪಟ್ಟಿಯಲ್ಲಿ ಏಕೆ ಕಾಣಿಸಲಿಲ್ಲವೆಂದರೆ, ಓಪನ್‌ಎಸ್‌ಎಸ್‌ಎಲ್ ಅದನ್ನು ಪ್ರೈಮ್256ವಿ1 ಎಂಬ ಹೆಸರಿನಲ್ಲಿ ಇಟ್ಟುಕೊಂಡಿದೆ. ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು ಇರುವ ಹುಡುಗನಂತೆ ಈ ಒಂದೇ ಕರ್ವ್‌ಗೆ ಮೂರು ಹೆಸರು: ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಪಿ-256 ಎನ್ನುತ್ತದೆ, ಎಸ್‌ಇಸಿಜಿ ಮಾನಕ ಸೆಕ್‌ಪಿ256ಆರ್1 ಎನ್ನುತ್ತದೆ, ಎಕ್ಸ್9.62 ಮಾನಕ ಪ್ರೈಮ್256ವಿ1 ಎನ್ನುತ್ತದೆ. ನೀವು ಪಟ್ಟಿಯನ್ನು ನೋಡದೆ ನೇರವಾಗಿ ಸೆಕ್‌ಪಿ256ಆರ್1 ಎಂದು ಟೈಪ್ ಮಾಡಿದ್ದರೂ ಅದು ಒಪ್ಪಿಕೊಂಡು, ಇದರ ಬದಲು ಪ್ರೈಮ್256ವಿ1 ಎಂಬ ಹೆಸರನ್ನು ಬಳಸುತ್ತಿದ್ದೇನೆ ಎಂದು ಒಂದು ಸಾಲಿನಲ್ಲಿ ತಿಳಿಸುತ್ತಿತ್ತು.

ಹೊಸದಾಗಿ ತಯಾರಿಸುವಾಗ ಕೀಲಿ ಸೃಷ್ಟಿಸುವ ಜೆನ್‌ಕೀ ಆಯ್ಕೆಯ ಜೊತೆಗೆ ನೋಔಟ್ ಆಯ್ಕೆಯನ್ನೂ ಕೊಡಿ. ಅದಿಲ್ಲದಿದ್ದರೆ ಕೀಲಿಯ ಕಡತದಲ್ಲಿ ಕರ್ವ್‌ನ ವಿವರದ ಖಂಡವೊಂದು ಮೊದಲು ಬಂದು, ಆಮೇಲೆ ಕೀಲಿಯ ಖಂಡ ಬರುತ್ತದೆ. ಮೊದಲ ಖಂಡವನ್ನೇ ಕೀಲಿಯೆಂದು ಓದಲು ಹೋಗುವ ವಿದ್ಯಾರ್ಥಿಗಳ ಪ್ರೋಗ್ರಾಂಗಳು ಅಲ್ಲಿಯೇ ನಿಲ್ಲುತ್ತವೆ. ಇನ್ನೊಂದು ಎಚ್ಚರಿಕೆ: ಪ್ರಾಧಿಕಾರದ ಪ್ರಮಾಣಪತ್ರ ಮಾಡುವಾಗಲೂ ಸರ್ವರ್‌ನ ಪ್ರಮಾಣಪತ್ರಕ್ಕೆ ಸಹಿ ಬೇಡುವ ಕೋರಿಕೆಯ ಕಡತ ಮಾಡುವಾಗಲೂ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತುತ್ತಾ ಹೋದರೆ ಎರಡರ ಹೆಸರೂ ಒಂದೇ ಆಗಿ, ಸರ್ವರ್‌ನದು ತನ್ನ ಸಹಿಯನ್ನು ತಾನೇ ಹಾಕಿಕೊಂಡ ಪ್ರಮಾಣಪತ್ರವೆಂದು ಪರಿಶೀಲಕ ಭಾವಿಸುತ್ತದೆ. ಪ್ರಾಧಿಕಾರಕ್ಕೆ ಬೇರೆಯದೇ ಹೆಸರು ಕೊಡಬೇಕು.

ಸರ್ವರ್‌ನ ವಿಳಾಸವನ್ನು ಪರ್ಯಾಯ ಹೆಸರುಗಳ ವಿಸ್ತರಣೆಯಲ್ಲಿಯೇ (ಪ್ರಮಾಣಪತ್ರದ ಹೆಚ್ಚುವರಿ ಅಂಕಣ) ಬರೆಯಬೇಕು. ಸಾಮಾನ್ಯ ಹೆಸರಿನ ಅಂಕಣವನ್ನು ಕ್ರೋಮ್ 2017ರ 58ನೇ ಆವೃತ್ತಿಯಿಂದಲೇ ನೋಡುವುದನ್ನು ಬಿಟ್ಟಿದೆ. ಐಪಿ ವಿಳಾಸದಿಂದ ಸಂಪರ್ಕಿಸುವುದಾದರೆ ಅದನ್ನು ಐಪಿ ಎಂಬ ಬಗೆಯಲ್ಲಿಯೇ ನಮೂದಿಸಿ, ಡಿಎನ್‌ಎಸ್ ಎಂಬ ಬಗೆಯಲ್ಲಿ ಅಲ್ಲ. ಕೋರಿಕೆಯಲ್ಲಿ ಬರೆದ ವಿಸ್ತರಣೆಗಳನ್ನು ಎಕ್ಸ್509 ಆದೇಶ ಸಹಿ ಮಾಡುವಾಗ ತಾನಾಗಿ ಕೈಬಿಡುತ್ತದೆ. ಅವನ್ನು ನಕಲಿಸಲು ಓಪನ್‌ಎಸ್‌ಎಸ್‌ಎಲ್ 3.0ರಲ್ಲಿ ಕಾಪಿ ಎಕ್ಸ್‌ಟೆನ್ಶನ್ಸ್ ಎಂಬ ಆಯ್ಕೆ ಬಂದಿದೆಯಾದರೂ ನಿಮ್ಮ 20.04ರ ಕಂಪ್ಯೂಟರ್‌ಗಳಲ್ಲಿರುವ 1.1.1ಕ್ಕೆ ಅದು ಗೊತ್ತಿಲ್ಲ. ಆದ್ದರಿಂದ ಎರಡೂ ಕಡೆ ನಡೆಯುವಂತೆ ವಿಸ್ತರಣೆಗಳನ್ನು ಒಂದು ಚಿಕ್ಕ ಕಡತದಲ್ಲಿ ಬರೆದು ಎಕ್ಸ್‌ಟ್‌ಫೈಲ್ ಆಯ್ಕೆಯ ಮೂಲಕ ಕೊಡಿ. ಹಳೆಯ ಆರ್‌ಎಸ್‌ಎ ಕಡತವನ್ನು ನಕಲು ಮಾಡುವವರು ಕೀ ಎನ್‌ಸೈಫರ್‌ಮೆಂಟ್ ಎಂಬ ಬಳಕೆಯನ್ನು ತೆಗೆದುಹಾಕಬೇಕು. ಆರ್‌ಎಸ್‌ಎ ಕೀಲಿಯಿಂದ ಗುಪ್ತ ಮೌಲ್ಯವನ್ನು ಮುಚ್ಚಿ ಕಳುಹಿಸುವ ಪದ್ಧತಿಗೆ ಸಂಬಂಧಿಸಿದ್ದು ಅದು. ಇಸಿಡಿಎಸ್‌ಎ ಕೀಲಿ ಸಹಿ ಮಾತ್ರ ಮಾಡುವುದರಿಂದ ಡಿಜಿಟಲ್ ಸಿಗ್ನೇಚರ್ ಎಂಬ ಬಳಕೆ ಇದ್ದರೆ ಸಾಕು.

ಇನ್ನು ನಿಮ್ಮನ್ನು ಕಾಡುತ್ತಿರುವ ವಿಷಯ. ಎಸ್‌ಕ್ಲೈಂಟ್ ಒಂದು ತಪಾಸಣಾ ಸಾಧನ. ಪ್ರಮಾಣಪತ್ರದ ಪರಿಶೀಲನೆ ವಿಫಲವಾದರೂ ಅದು ಸಂಪರ್ಕವನ್ನು ಮುಂದುವರಿಸಿ, ವಿಫಲವಾದ ಸಂಗತಿಯನ್ನು ಪರಿಶೀಲನೆಯ ಸಂಕೇತವಾಗಿ ಮುದ್ರಿಸುತ್ತದೆ ಅಷ್ಟೇ. ಉದ್ದನೆಯ ಮುದ್ರಣದ ನಡುವೆ ಆ ಸಾಲನ್ನು ಯಾರೂ ಗಮನಿಸುವುದಿಲ್ಲ. ವೆರಿಫೈ ರಿಟರ್ನ್ ಎರರ್ ಆಯ್ಕೆಯನ್ನು ಕೊಟ್ಟರೆ ಮಾತ್ರ ಅದು ಸಂಪರ್ಕವನ್ನು ಕಡಿಯುತ್ತದೆ. ಹೆಸರನ್ನು ಕೂಡ ಅದು ತಾನಾಗಿ ಹೋಲಿಸುವುದಿಲ್ಲ, ವೆರಿಫೈ ಹೋಸ್ಟ್‌ನೇಮ್ ಆಯ್ಕೆಯಲ್ಲಿ ನಿರೀಕ್ಷಿತ ಹೆಸರನ್ನು ಕೊಡಬೇಕು. ಈ ಎರಡು ಆಯ್ಕೆಗಳಿಲ್ಲದೆ ಮಾಡಿದ ಯಾವ ಪ್ರಯೋಗವೂ ಭದ್ರತೆಯ ಪರೀಕ್ಷೆ ಎನಿಸಿಕೊಳ್ಳುವುದಿಲ್ಲ ಎಂದು ನಾನು ದೃಢವಾಗಿ ಹೇಳುತ್ತೇನೆ.

ಕೆ1 ಕರ್ವ್‌ನ ಕೀಲಿಗಳನ್ನೂ ಪ್ರಮಾಣಪತ್ರಗಳನ್ನೂ ಅಳಿಸಿಹಾಕಿ ಹೊಸದಾಗಿ ಆರಂಭಿಸಿ.

ಉತ್ತರ 2: ಜೋಗಿಮಟ್ಟಿ

ಹರಿಹರದವರ ವಿವರಣೆಗೆ ನನ್ನ ಒಪ್ಪಿಗೆಯಿದೆ, ಕೊನೆಯ ಸಾಲೊಂದನ್ನು ಬಿಟ್ಟು. ಆ ಪ್ರಮಾಣಪತ್ರವನ್ನು ದಯವಿಟ್ಟು ಅಳಿಸಬೇಡಿ ಮೇಡಂ. ಸರಪಳಿ ಸರಿಯಿದ್ದು, ದಿನಾಂಕ ಸರಿಯಿದ್ದು, ಹೆಸರೂ ಸರಿಯಿದ್ದು, ಕರ್ವ್ ಒಂದೇ ಹೊಂದದಿರುವ ಪ್ರಮಾಣಪತ್ರವನ್ನು ಬೇಕೆಂದು ತಯಾರಿಸಲು ಹೊರಟರೆ ಒಬ್ಬ ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಬೇಕು. ನಿಮ್ಮ ಬಳಿ ಅದು ಸಿದ್ಧವಾಗಿದೆ. ಬೋರ್ಡ್ ತಿರಸ್ಕರಿಸಲೇಬೇಕಾದ ಪ್ರಮಾಣಪತ್ರಗಳ ಕಟ್ಟಿನಲ್ಲಿ ಅದನ್ನು ಮೊದಲನೆಯದಾಗಿ ಇಡಿ. ಅದರ ಜೊತೆಗೆ ಅವಧಿ ಮುಗಿದದ್ದು ಒಂದು, ಇನ್ನೂ ಆರಂಭವಾಗದ ಅವಧಿಯದು ಒಂದು, ಹೆಸರು ತಪ್ಪಾದದ್ದು ಒಂದು, ಬೇರೆ ಪ್ರಾಧಿಕಾರ ಸಹಿ ಮಾಡಿದ್ದು ಒಂದು ಇರಲಿ. ಹಿಂದಿನ ದಿನಾಂಕದ ಪ್ರಮಾಣಪತ್ರ ಮಾಡಲು ಓಪನ್‌ಎಸ್‌ಎಸ್‌ಎಲ್‌ನ ಸಿಎ ಆದೇಶದಲ್ಲಿ ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು ನಾವೇ ಬರೆಯಬಹುದು.

ನಾನು ಚಿತ್ರದುರ್ಗದಲ್ಲಿ ಅಡಿಕೆ ತೋಟಗಳಿಗೆ ಪಂಪ್ ನಿಯಂತ್ರಕಗಳನ್ನು ಮಾಡಿಕೊಡುತ್ತೇನೆ. ಹೊಳಲ್ಕೆರೆ ಕಡೆಯ ಒಂದು ತೋಟದಲ್ಲಿ ನನ್ನದೇ ತಪ್ಪಿನಿಂದ ನಡೆದದ್ದನ್ನು ಮಕ್ಕಳಿಗಾಗಿ ಬರೆಯುತ್ತೇನೆ. ನಿಯಂತ್ರಕ ನನ್ನ ಮೇಜಿನ ಮೇಲೆ ವಾರಗಟ್ಟಲೆ ಚೆನ್ನಾಗಿ ಓಡಿತ್ತು. ತೋಟದಲ್ಲಿ ತ್ರೀಫೇಸ್ ವಿದ್ಯುತ್ ಬರುವುದು ರಾತ್ರಿಯ ಕೆಲವು ತಾಸು ಮಾತ್ರ. ವಿದ್ಯುತ್ ಹೋಗಿ ಬಂದಾಗಲೆಲ್ಲ ಬೋರ್ಡ್ ಹೊಸದಾಗಿ ಏಳುತ್ತಿತ್ತು, ಎದ್ದ ಕೂಡಲೇ ಅದರ ಗಡಿಯಾರ 1970ರ ಜನವರಿ 1ರಲ್ಲಿ ನಿಂತಿರುತ್ತಿತ್ತು. ನೆಟ್‌ವರ್ಕ್‌ನಿಂದ ಸಮಯ ಪಡೆಯುವ ಮೊದಲೇ ನನ್ನ ಪ್ರೋಗ್ರಾಂ ಸರ್ವರನ್ನು ಸಂಪರ್ಕಿಸಲು ಹೋಗಿ, ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದು ಹಿಂದೆ ಸರಿಯುತ್ತಿತ್ತು. ಮೂರು ಸಲ ಪ್ರಯತ್ನಿಸಿ ಸುಮ್ಮನಾಗುವಂತೆ ಬರೆದವನು ನಾನೇ. ಆ ರೈತರು ಎರಡು ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಕೈಯಿಂದ ಮೋಟಾರು ಹಾಕಿದರು. ಮೇಜಿನ ಮೇಲೆ ವಿದ್ಯುತ್ ಒಮ್ಮೆಯೂ ಹೋಗದ ಕಾರಣ ದೋಷ ನನಗೆ ಕಂಡಿರಲಿಲ್ಲ. ಈಗ ಸಮಯ ದೊರೆಯುವವರೆಗೆ ಸಂಪರ್ಕಕ್ಕೆ ಕೈಹಾಕುವುದಿಲ್ಲ, ಪ್ರಯತ್ನವನ್ನು ಎಂದೂ ನಿಲ್ಲಿಸುವುದಿಲ್ಲ.

ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ. ಈ ಬೋರ್ಡ್‌ಗಳಲ್ಲಿ ಬಳಸುವ ಎಂಬೆಡ್‌ಟಿಎಲ್‌ಎಸ್ ಗ್ರಂಥಾಲಯದಲ್ಲಿ ದಿನಾಂಕ ಪರಿಶೀಲನೆ ಬೇಕೋ ಬೇಡವೋ ಎಂಬುದನ್ನು ಪ್ರೋಗ್ರಾಂ ಕಂಪೈಲ್ ಮಾಡುವಾಗಲೇ ಆರಿಸಬೇಕು. ಆ ಆಯ್ಕೆ ಮುಚ್ಚಿದ್ದರೆ ಅವಧಿ ಮುಗಿದ ಪ್ರಮಾಣಪತ್ರವನ್ನೂ ಬೋರ್ಡ್ ಸ್ವೀಕರಿಸುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅವಧಿ ಮುಗಿದ ಪ್ರಮಾಣಪತ್ರವನ್ನು ಕಟ್ಟಿನಲ್ಲಿ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕರ್ವ್‌ನ ಹೆಸರಿನ ಬದಲು ಅದರ ಎಲ್ಲ ಗುಣಾಂಕಗಳನ್ನೂ ಪ್ರಮಾಣಪತ್ರದೊಳಗೆ ಬರೆಯುವ ಒಂದು ವಿಧಾನವಿದೆ, ಅದನ್ನು ಬಳಸಬೇಡಿ. ಇಂಟರ್‌ನೆಟ್‌ನ ಪ್ರಮಾಣಪತ್ರಗಳಲ್ಲಿ ಮಾನಕವೇ ಅದನ್ನು ನಿಷೇಧಿಸಿದೆ. 2020ರ ಜನವರಿಯಲ್ಲಿ ವಿಂಡೋಸ್‌ನಲ್ಲಿ ಸರಿಪಡಿಸಲಾದ ಒಂದು ಗಂಭೀರ ದೋಷಕ್ಕೆ ಕಾರಣ ಇದೇ: ಸಾರ್ವಜನಿಕ ಕೀಲಿ ಹೊಂದುತ್ತದೆಯೇ ಎಂದು ನೋಡುತ್ತಿದ್ದ ಪರಿಶೀಲನೆ, ಪ್ರಮಾಣಪತ್ರ ತಂದ ಗುಣಾಂಕಗಳೆಲ್ಲವೂ ನಿಜವಾದ ಕರ್ವ್‌ನವೇ ಎಂದು ನೋಡುತ್ತಿರಲಿಲ್ಲ. ದಾಳಿಕೋರ ತನಗೆ ಅನುಕೂಲವಾದ ಆಧಾರಬಿಂದುವನ್ನು (ಕೀಲಿಯ ಲೆಕ್ಕ ಆರಂಭವಾಗುವ, ಕರ್ವ್ ಮೇಲಿನ ಬಿಂದು) ಆರಿಸಿಕೊಂಡು, ನಂಬಿಕಸ್ಥ ಪ್ರಾಧಿಕಾರದ ಕೀಲಿಗೆ ಹೊಂದುವ ಖಾಸಗಿ ಕೀಲಿ ತನ್ನ ಬಳಿಯಿದೆ ಎಂದು ತೋರಿಸಬಹುದಾಗಿತ್ತು.

ಉತ್ತರ 3: ಪಿ.ಜೆ. ಬಡಾವಣೆ

ಮೇಡಂ, ತಯಾರಿಸುವ ಬಗೆಯನ್ನು ಇಬ್ಬರೂ ಹೇಳಿದ್ದಾರೆ. ತಯಾರಾದದ್ದನ್ನು ಎಲ್ಲಿ ಇಡುತ್ತೀರಿ ಎಂಬುದು ನನ್ನ ಚಿಂತೆ. ಬ್ರೌಸರ್‌ನ ಎಚ್ಚರಿಕೆ ಹೋಗಲೆಂದು ಮಕ್ಕಳು ಲ್ಯಾಬ್‌ನ ಮೂಲ ಪ್ರಮಾಣಪತ್ರವನ್ನು ತಮ್ಮ ಸ್ವಂತ ಲ್ಯಾಪ್‌ಟಾಪ್‌ಗಳ ನಂಬಿಕೆಯ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಸೆಮಿಸ್ಟರ್ ಮುಗಿಯುತ್ತದೆ, ಪ್ರಮಾಣಪತ್ರ ಅಲ್ಲಿಯೇ ಉಳಿಯುತ್ತದೆ. ಅದರ ಖಾಸಗಿ ಕೀಲಿ ಎಲ್ಲರೂ ನೋಡಬಹುದಾದ ಲ್ಯಾಬ್ ಫೋಲ್ಡರ್‌ನಲ್ಲಿದ್ದರೆ, ಅದನ್ನು ನಕಲು ಮಾಡಿಕೊಂಡ ಯಾರಾದರೂ ಒಂದೇ ವೈಫೈಯಲ್ಲಿ ಕುಳಿತು ಆ ಮಗುವಿನ ಬ್ಯಾಂಕಿನ ಹೆಸರಿನಲ್ಲಿಯೂ ಪ್ರಮಾಣಪತ್ರ ಮಾಡಬಹುದು. ಲ್ಯಾಪ್‌ಟಾಪ್ ಅದನ್ನು ನಂಬುತ್ತದೆ. ಪರೀಕ್ಷೆಗೆಂದು ಮಾಡಿದ ಕೀಲಿಯಲ್ಲವೇ ಎಂಬ ಸಡಿಲ ಮಾತು ಇಲ್ಲಿ ಸಲ್ಲದು.

ಮೂಲ ಪ್ರಮಾಣಪತ್ರದಲ್ಲಿ ಹೆಸರಿನ ಮಿತಿ ಎಂಬ ವಿಸ್ತರಣೆಯನ್ನು ಹಾಕಿ, ಅದು ಟೆಸ್ಟ್ ಎಂಬ ಕೊನೆಯುಳ್ಳ ಹೆಸರುಗಳಿಗೆ ಮಾತ್ರ ಸಹಿ ಮಾಡಬಲ್ಲದೆಂದು ಕಟ್ಟುಪಾಡು ವಿಧಿಸಿ. ಡಾಟ್ ಟೆಸ್ಟ್ ಎಂಬ ಕೊನೆಯನ್ನು ಇಂತಹ ಬಳಕೆಗೆಂದೇ 1999ರಲ್ಲಿ ಮೀಸಲಿಡಲಾಗಿದೆ, ನಿಜವಾದ ಜಾಲತಾಣ ಅದರಲ್ಲಿ ಬರುವುದಿಲ್ಲ. ಡಿಎನ್‌ಎಸ್ ಹೆಸರುಗಳಿಗೆ ಹಾಕಿದ ಮಿತಿ ಐಪಿ ವಿಳಾಸಗಳಿಗೆ ಅನ್ವಯಿಸದ ಕಾರಣ, ಅವುಗಳಿಗೂ ಲ್ಯಾಬ್‌ನ ವಿಳಾಸಗಳ ವ್ಯಾಪ್ತಿಯನ್ನಷ್ಟೇ ಅನುಮತಿಸಿ. ಮೂಲ ಪ್ರಮಾಣಪತ್ರದ ಅವಧಿ ಸೆಮಿಸ್ಟರ್ ಮೀರದಿರಲಿ, ಪ್ರತಿ ತಂಡಕ್ಕೂ ತನ್ನದೇ ಪ್ರಾಧಿಕಾರವಿರಲಿ, ಸ್ವಂತ ಲ್ಯಾಪ್‌ಟಾಪ್‌ನ ಪಟ್ಟಿಗೆ ಸೇರಿಸುವ ಬದಲು ಎಸ್‌ಕ್ಲೈಂಟ್‌ಗೆ ಸಿಎಫೈಲ್ ಆಯ್ಕೆಯಿಂದಲೇ ಕೊಡಲಿ.

ಬೆಣ್ಣೆನಗರಿ ಲ್ಯಾಬ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋಮವಾರದ ಲ್ಯಾಬ್‌ನಲ್ಲಿ ಪ್ರೈಮ್256ವಿ1 ಹೆಸರಿನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿದೆವು. ಎರಡೂ ಉಬುಂಟುಗಳಲ್ಲಿ, 1.2 ಮತ್ತು 1.3 ಎರಡರಲ್ಲಿಯೂ ಹ್ಯಾಂಡ್‌ಶೇಕ್ ಪೂರ್ಣವಾಯಿತು. ಆಮೇಲೆ ಜೋಗಿಮಟ್ಟಿಯವರು ಹೇಳಿದ ಕಟ್ಟನ್ನು ತಯಾರಿಸಿ ಬೋರ್ಡ್‌ಗಳ ಮುಂದೆ ಇಟ್ಟೆವು. ಐದು ತಂಡಗಳಲ್ಲಿ ಮೂರರ ಬೋರ್ಡ್‌ಗಳು ಅವಧಿ ಮುಗಿದ ಪ್ರಮಾಣಪತ್ರವನ್ನು ಒಪ್ಪಿಕೊಂಡವು. ನೋಡಿದರೆ ದಿನಾಂಕ ಪರಿಶೀಲನೆಯ ಆಯ್ಕೆ ಮುಚ್ಚಿತ್ತು. ಅದನ್ನು ತೆರೆದ ಕೂಡಲೇ ಸರಿಯಾದ ಪ್ರಮಾಣಪತ್ರವನ್ನೂ ತಿರಸ್ಕರಿಸತೊಡಗಿದವು, ಏಕೆಂದರೆ ಗಡಿಯಾರ 1970ರಲ್ಲಿತ್ತು. ಹೊಳಲ್ಕೆರೆಯ ತೋಟದ ಸಂಗತಿಯನ್ನು ಮೊದಲೇ ಓದಿದ್ದ ಹುಡುಗಿಯೊಬ್ಬಳು ಕಾರಣವನ್ನು ನನಗಿಂತ ಮುಂಚೆ ಹೇಳಿದಳು. ಹಂಚಿಕೆಯ ಫೋಲ್ಡರ್‌ನಲ್ಲಿದ್ದ ಹಳೆಯ ಮೂಲ ಕೀಲಿಯನ್ನು ಅಂದೇ ತೆಗೆದು, ಅದನ್ನು ತಮ್ಮ ಲ್ಯಾಪ್‌ಟಾಪ್‌ಗೆ ಸೇರಿಸಿಕೊಂಡಿದ್ದವರೆಲ್ಲರ ಪಟ್ಟಿಯಿಂದಲೂ ತೆಗೆಸಿದ್ದೇನೆ. ಕಳೆದ ವರ್ಷ ಓದು ಮುಗಿಸಿ ಹೋದವರಿಗೂ ತಿಳಿಸಬೇಕಾಗಿದೆ, ಆ ಕೆಲಸ ನಡೆದಿದೆ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಒಂದು ತಂಡದವರು ಅದೇ ಕೀಲಿ, ಅದೇ ಹೆಸರು, ಅದೇ ಕ್ರಮಸಂಖ್ಯೆ, ಅದೇ ದಿನಾಂಕಗಳನ್ನು ಕೊಟ್ಟು ಪ್ರಮಾಣಪತ್ರವನ್ನು ಎರಡು ಸಲ ಮಾಡಿದರೆ ಎರಡೂ ಒಂದೇ ಆಗಿರಬೇಕೆಂದು ಭಾವಿಸಿ ಹ್ಯಾಶ್ ಹೋಲಿಸುವ ಪರೀಕ್ಷೆ ಬರೆದಿದ್ದರು. ಹ್ಯಾಶ್ ಹೊಂದಲಿಲ್ಲ, ಕಡತದ ಉದ್ದವೇ ಒಂದು ಬೈಟ್ ಹೆಚ್ಚುಕಡಿಮೆಯಿತ್ತು. ಆರ್‌ಎಸ್‌ಎಯಲ್ಲಿ ಇದೇ ಪರೀಕ್ಷೆ ಗೆಲ್ಲುತ್ತಿತ್ತು.

ಉತ್ತರ: ಹರಿಹರ ದಂಡೆ

ಇದು ದೋಷವಲ್ಲ ಮೇಡಂ, ಇಸಿಡಿಎಸ್‌ಎಯ ಸ್ವಭಾವ. ಪ್ರತಿ ಸಹಿಗೂ ಹೊಸದೊಂದು ಗುಪ್ತ ಯಾದೃಚ್ಛಿಕ ಸಂಖ್ಯೆ ಬೇಕು, ಆದ್ದರಿಂದ ಅದೇ ಪಠ್ಯಕ್ಕೆ ಅದೇ ಕೀಲಿಯಿಂದ ಎರಡು ಸಲ ಸಹಿ ಮಾಡಿದರೂ ಸಹಿಗಳು ಬೇರೆಯಾಗುತ್ತವೆ. ಸಹಿಯಲ್ಲಿ ಎರಡು ಪೂರ್ಣಾಂಕಗಳಿದ್ದು, ಅವುಗಳ ಮೊದಲ ಬಿಟ್ 1 ಆಗಿದ್ದರೆ ಋಣ ಸಂಖ್ಯೆಯೆಂದು ಓದಬಾರದೆಂದು ಮುಂದೆ ಒಂದು ಸೊನ್ನೆ ಬೈಟ್ ಸೇರುತ್ತದೆ. ಪಿ-256ರ ಸಹಿ ಸಾಮಾನ್ಯವಾಗಿ 70ರಿಂದ 72 ಬೈಟ್‌ಗಳ ನಡುವೆ ಏರಿಳಿಯುವುದು ಅದರಿಂದಲೇ. ಒಂದೇ ಗುಪ್ತ ಸಂಖ್ಯೆಯನ್ನು ಎರಡು ಬೇರೆ ಸಂದೇಶಗಳಿಗೆ ಬಳಸಿದರೆ ಎರಡು ಸಹಿಗಳಿಂದ ಖಾಸಗಿ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದು. 2010ರಲ್ಲಿ ಪ್ಲೇಸ್ಟೇಷನ್ 3ರ ಸಹಿ ಕೀಲಿ ಹೊರಬಿದ್ದದ್ದು ಹೀಗೆಯೇ. ಗುಪ್ತ ಸಂಖ್ಯೆಯನ್ನು ಕೀಲಿ ಮತ್ತು ಸಂದೇಶದಿಂದಲೇ ನಿಶ್ಚಿತವಾಗಿ ಪಡೆಯುವ ಒಂದು ವಿಧಾನ 2013ರಲ್ಲಿ ಪ್ರಕಟವಾಗಿದೆ. ಅದನ್ನು ಬಳಸುವ ಗ್ರಂಥಾಲಯಗಳಲ್ಲಿ ಮಾತ್ರ ಸಹಿ ಮರುಕಳಿಸುತ್ತದೆ.

ಆ ತಂಡದವರು ಇಡೀ ಕಡತದ ಹ್ಯಾಶ್ ಬದಲು ಸಾರ್ವಜನಿಕ ಕೀಲಿಯನ್ನು ಹೋಲಿಸಲಿ. ಪ್ರಮಾಣಪತ್ರದಿಂದ ಎಕ್ಸ್509 ಆದೇಶದ ಪಬ್‌ಕೀ ಆಯ್ಕೆಯಿಂದಲೂ, ಖಾಸಗಿ ಕೀಲಿಯಿಂದ ಪಿಕೀ ಆದೇಶದ ಪಬ್‌ಔಟ್ ಆಯ್ಕೆಯಿಂದಲೂ ಅದನ್ನು ತೆಗೆದರೆ ಎರಡೂ ಅಕ್ಷರಶಃ ಹೊಂದಬೇಕು. ಹಳೆಯ ಲ್ಯಾಬ್ ಪುಸ್ತಕದಲ್ಲಿ ಮಾಡ್ಯುಲಸ್ ಹೋಲಿಸಿ ಎಂದು ಬರೆದಿದ್ದರೆ ಅದನ್ನು ತಿದ್ದಿಬಿಡಿ. ಅದು ಆರ್‌ಎಸ್‌ಎ ಕೀಲಿಯಲ್ಲಿ ಇರುವ ಸಂಖ್ಯೆ, ಇಲ್ಲಿ ಇಲ್ಲ.